ನಲವತ್ತಕ್ಕೆ ಕಡಿಮೆ ಇಲ್ಲ

ಆ ಬೀದಿಯಲ್ಲಿ ನಲವತ್ತೆರಡು ಮನೆಗಳಿದ್ದವು. ಅದರಲ್ಲಿ ಹನ್ನೊಂದು ಮನೆಗಳ ಬೀಗದಕೈ ಒಬ್ಬಳ ಹತ್ತಿರವೇ ಇತ್ತು. ಅವಳ ಮುಂಗೋಣೆಯ ಗೋಡೆಗೆ ಬಡಿದ ಹಲಗೆಯ ಮೇಲೆ ಮೊಳೆಗಳ ಸಾಲು, ಮೊಳೆಗೊಂದು ಬೀಗದಕೈ, ಅದಕ್ಕೊಂದು ರಟ್ಟಿನ ಚೀಟಿ, ಚೀಟಿಯಲ್ಲಿ ಮನೆಯ ನಂಬರು. ಹಾಗಾಗಿ ಊರೆಲ್ಲ ಅವಳನ್ನು ಬೀಗದಕೈ ಅಕ್ಕ ಎನ್ನುತ್ತಿತ್ತು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಮನೆ ಕೊಡಿಸುವುದು, ಮಾರಿಸುವುದು ಅವಳ ಕಸುಬು. ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ದಲ್ಲಾಳಿ ಎಂದರೆ ಅವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ನಾನು ಮನೆಗೆ ಜನ ಹುಡುಕಿಕೊಡೋಳು" ಎನ್ನುತ್ತಿದ್ದಳು. ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವಾಗ ಮಾತ್ರ ಆ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಗಾಜಿನ ಕಾರ್ಖಾನೆಯವರು ತಮ್ಮ ಕೆಲಸಗಾರರಿಗೆಂದು ಕಟ್ಟಿಸಿ, ಆಮೇಲೆ ಅವರಿಗೇ ಮಾರಿದ್ದು. ಕೆಳಗೆ ಮುಂಗೋಣೆ, ಅಡುಗೆಮನೆ. ಮೇಲೆ ಎರಡು ಕೋಣೆ. ಹಿಂದೆ ನಾಲ್ಕು ಹಗ್ಗದ ಬಟ್ಟೆ ಒಣಗಿಸುವಷ್ಟು ಅಂಗಳ. ಮನೆಗಳು ಒಂದೇ ಥರ ಇದ್ದದ್ದು ಅಕ್ಕನ ಕಸುಬಿಗೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಹೋದ ಮನೆ ಎಷ್ಟಕ್ಕೆ ಹೋಯಿತೋ ಮುಂದಿನದ್ದೂ ಅಷ್ಟಕ್ಕೇ, ಮೇಲೊಂದಿಷ್ಟು. ಒಂದು ಕಾಲದಲ್ಲಿ ಅವಳು ವರ್ಷಕ್ಕೆ ಹದಿನೈದು ಮನೆ ಮಾರಿಸಿದ್ದುಂಟು. ಭಾನುವಾರ ಬಂತೆಂದರೆ ಅವಳ ಬಾಗಿಲಲ್ಲಿ ಜನರ ಸಾಲು; ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ.

ಆಮೇಲೆ ಕಾರ್ಖಾನೆಯ ಮೂರು ಕುಲುಮೆಗಳಲ್ಲಿ ಎರಡನ್ನು ಆರಿಸಿ ದೂರದ ಇನ್ನೊಂದು ಊರಿಗೆ ಒಯ್ದರು. ಅದೇ ವರ್ಷ ಬ್ಯಾಂಕುಗಳು ಸಾಲದ ಬಡ್ಡಿ ಏರಿಸಿದವು, ಒಂದು ಸಲವಲ್ಲ, ನಾಲ್ಕು ಸಲ. ಬೆಲೆ ಕುಸಿಯುತ್ತದೆ ಎಂದು ಎಲ್ಲರೂ ಹೆದರಿದರು. ಬೆಲೆ ಕುಸಿಯಲಿಲ್ಲ, ಜನ ಬರುವುದು ನಿಂತುಹೋಯಿತು. ಭಾನುವಾರಕ್ಕೆ ಹತ್ತು ಜನ ಬರುತ್ತಿದ್ದವರು ಇಬ್ಬರಾದರು, ಆ ಇಬ್ಬರೂ ತಿಂಗಳಿಗೊಮ್ಮೆ ಆದರು. ಆ ವರ್ಷ ಮಾರಾಟವಾದದ್ದು ಒಂದೇ ಮನೆ, ವರ್ಷದ ಮೊದಲ ತಿಂಗಳಲ್ಲಿ, ನಲವತ್ತು ಲಕ್ಷಕ್ಕೆ. ಅಲ್ಲಿಂದಾಚೆ ಒಂದೂ ಇಲ್ಲ. ಯಾರೂ ಮಾರದೆ ಇದ್ದಾಗ ಹಳೆಯ ಬೆಲೆ ಸುಳ್ಳಾಗುವುದಾದರೂ ಹೇಗೆ? ಅದು ಗೋಡೆಯ ಮೇಲಿನ ನಿಂತ ಗಡಿಯಾರದ ಹಾಗೆ ಅಲ್ಲೇ ಇತ್ತು, ಬೀದಿಯವರೆಲ್ಲ ಅದನ್ನೇ ನೋಡಿ ಹೊತ್ತು ತಿಳಿಯುತ್ತಿದ್ದರು.

ಒಪ್ಪಂದ ಮಾಡಿಸಿದ್ದು ಅಕ್ಕನೇ. ಒಂದು ಸಂಜೆ ಮಾರುವ ಆಸೆಯಿದ್ದ ಹನ್ನೊಂದು ಮನೆಯವರನ್ನೂ ತನ್ನ ಮುಂಗೋಣೆಯಲ್ಲಿ ಕೂರಿಸಿ ಟೀ ಕೊಟ್ಟು ಹೇಳಿದಳು: "ನೋಡಿ, ಬ್ಯಾಂಕಿನವನು ಬಂದು ಮನೆಗೆ ಬೆಲೆ ಕಟ್ಟೋವಾಗ ಈ ಬೀದೀಲಿ ಕೊನೇದು ಎಷ್ಟಕ್ಕೆ ಹೋಯ್ತು ಅಂತ ಕೇಳ್ತಾನೆ. ನಿಮ್ಮಲ್ಲಿ ಒಬ್ಬರು ಆತುರಕ್ಕೆ ಬಿದ್ದು ಮೂವತ್ತಕ್ಕೆ ಕೊಟ್ಟರೆ ನಲವತ್ತೆರಡೂ ಮನೆ ಮೂವತ್ತಾಗುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಬೀಳುತ್ತೆ. ತಡೀರಿ. ಕಾಲ ತಿರುಗುತ್ತೆ."

"ನಲವತ್ತಕ್ಕೆ ಒಂದು ಬಿಡಿಗಾಸೂ ಕಡಿಮೆ ಇಲ್ಲ!" ಎಂದು ಮೊದಲು ಕೂಗಿದವರು ಹಾಜರಿ ಗುಮಾಸ್ತರು. ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಹಾಜರಿ ಬರೆದು ನಿವೃತ್ತರಾದವರು. ಮಾತು ಸಹ ಗೇಟು ಮುಚ್ಚಿದ ಹಾಗೆಯೇ. ಎಲ್ಲರೂ ಹೌದು ಎಂದರು. ಅಕ್ಕನ ತಂಗಿಯೂ ಹೌದು ಎಂದಳು, ಆದರೆ ಲೋಟ ನೋಡುತ್ತಾ.

ತಂಗಿಯ ಮನೆ ಅಕ್ಕನ ಮನೆಗೆ ಎದುರು. ಆರು ವರ್ಷದ ಹಿಂದೆ ಕೊಡಿಸಿದ್ದೂ ಅಕ್ಕನೇ. ತಂಗಿಗೆ ನಾಲ್ಕು ವರ್ಷವಿದ್ದಾಗ ಅವರ ತಾಯಿ ಹೋದಳು; ಆಗ ಅಕ್ಕನಿಗೆ ಹದಿನೆಂಟು. ತನ್ನ ಮದುವೆಯ ವಯಸ್ಸಿನಲ್ಲಿ ಅಕ್ಕ ತಂಗಿಯ ಜಡೆ ಹೆಣೆಯುತ್ತಿದ್ದಳು, ಆಮೇಲೆ ಅವಳ ಫೀಸು ಕಟ್ಟುತ್ತಿದ್ದಳು, ಆಮೇಲೆ ಅವಳ ಮದುವೆ ಮಾಡಿದಳು. ಅಷ್ಟರಲ್ಲಿ ತನ್ನದು ಮರೆತೇಹೋಗಿತ್ತು. ಈಗ ದಿನಾ ಸಂಜೆ ಬೀದಿ ದಾಟಿ ಹೋಗಿ ತಂಗಿಯ ಮನೆಯಲ್ಲೇ ಊಟ. ತಂಗಿಯ ಆರು ವರ್ಷದ ಮಗಳು ಬಾಗಿಲಲ್ಲೇ ನಿಂತು "ದೊಡ್ಡಮ್ಮ ಬಂದ್ಲು, ತಟ್ಟೆ ಇಡು" ಎಂದು ಒಳಗೆ ಆಜ್ಞೆ ಮಾಡುತ್ತಿದ್ದಳು.

ತಂಗಿಯ ಗಂಡ ಕುಲುಮೆಯ ಕೆಲಸದವನು. ಕುಲುಮೆ ಹೋದ ಊರಿಗೆ ಅವನೂ ಹೋಗಬೇಕಾಯಿತು. ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಅಲ್ಲಿ ಇನ್ನೂ ನಾಲ್ವರ ಜೊತೆ ಒಂದು ಕೋಣೆ, ಪಾಳಿಯ ಪ್ರಕಾರ ಮಂಚ. ಮನೆ ಮಾರಿ ಬ್ಯಾಂಕಿನ ಸಾಲ ತೀರಿಸಿದರೆ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಸಾಲದ ಕಂತೂ ಕಟ್ಟಿ, ಅಲ್ಲೊಂದು ಮನೆಗೆ ಬಾಡಿಗೆಯನ್ನೂ ಕೊಡುವ ಸಂಬಳ ಅವನದಲ್ಲ. ಆದ್ದರಿಂದ ಮನೆ ಮಾರಾಟವಾಗುವವರೆಗೆ ಅವನು ಅಲ್ಲಿ, ಇವರು ಇಲ್ಲಿ.

ಅಕ್ಕನ ಕಸುಬಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಮನೆ ತೋರಿಸುವಾಗ ಮನೆಯವರು ಮನೆಯಲ್ಲಿರಕೂಡದು. ಇದ್ದರೆ ಗೋಡೆಯ ತೇವವನ್ನು ತಾವಾಗಿಯೇ ತೋರಿಸುತ್ತಾರೆ, ಪಕ್ಕದ ಮನೆಯವರ ಜಗಳ ಹೇಳುತ್ತಾರೆ, ಇಲ್ಲವೇ ಅಳುತ್ತಾರೆ. "ನೀವು ಹೊರಗೆ ಹೋಗಿ. ಮಾತು ನಾನು ತರ್ತೀನಿ" ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ಮಾತು ತಂದದ್ದು ಹಾಗೆಯೇ: ಕೊಳ್ಳುವವನು ಹೇಳಿದ್ದರಲ್ಲಿ ಒಂದು ಹಿಡಿ ಕಳೆದು, ಮಾರುವವನು ಹೇಳಿದ್ದಕ್ಕೆ ಒಂದು ಹಿಡಿ ಕೂಡಿಸಿ. ಸುಳ್ಳು ಎನ್ನಲಾಗದು, ಕಸುಬು.

ಹಾಗೆ ಒಂದು ಭಾನುವಾರ ಬೆಳಿಗ್ಗೆ ಒಬ್ಬ ಬೇಕರಿಯವನು ಹೆಂಡತಿಯನ್ನು ಕರೆದುಕೊಂಡು ಬಂದ. ಹೆಂಡತಿಗೆ ಆರು ತಿಂಗಳು. ತಂಗಿಯೂ ಮಗಳೂ ಪಾರ್ಕಿಗೆ ಹೋಗಿದ್ದರು. ಬೇಕರಿಯವನು ನಲ್ಲಿ ತಿರುಗಿಸಿ ನೋಡಿದ, ಕಿಟಕಿ ತೆಗೆದು ಮುಚ್ಚಿದ, ಮೆಟ್ಟಿಲಿನ ಮೇಲೆ ಒಂದು ಸಲ ಜೋರಾಗಿ ಕಾಲೂರಿದ. ಹೆಂಡತಿ ಅಡುಗೆಮನೆಯಲ್ಲಿ ನಿಂತವಳು ಅಲ್ಲಿಂದ ಕದಲಲೇ ಇಲ್ಲ. ಬೆಳಗಿನ ಬಿಸಿಲು ಒಲೆಯವರೆಗೂ ಬಂದಿತ್ತು.

"ಚೆನ್ನಾಗಿದೆ" ಎಂದಳು.

"ಮೂವತ್ತನಾಲ್ಕು ಕೊಡ್ತೀವಿ" ಎಂದ ಬೇಕರಿಯವನು. "ಬ್ಯಾಂಕು ಒಪ್ಪಿದೆ, ಕಾಗದ ಕೈಯಲ್ಲಿದೆ. ಅದಕ್ಕಿಂತ ಜಾಸ್ತಿ ನಮ್ಮ ಕೈಲಿ ಆಗಲ್ಲ. ಒಂದು ತಿಂಗಳಲ್ಲಿ ಮುಗಿಸೋಣ. ಮನೆಯವರನ್ನ ಒಂದು ಮಾತು ಕೇಳಿ ಅಕ್ಕ."

ಹದಿನಾರು ತಿಂಗಳಿಗೆ ಬಂದ ಮೊದಲ ನಿಜವಾದ ಮಾತು ಅದು. ಅಕ್ಕನಿಗೆ ಅದು ಗೊತ್ತಿತ್ತು. ಕಾಗದ ಕೈಯಲ್ಲಿಟ್ಟುಕೊಂಡು ಬಂದವನು ದೇವರಿಗೆ ಸಮ ಎಂದು ಅವಳೇ ಎಷ್ಟೋ ಜನರಿಗೆ ಹೇಳಿದ್ದಳು. ಆದರೂ ಅವಳ ಬಾಯಿಗೆ ಬಂದದ್ದು ಬೇರೆ. "ನಲವತ್ತಕ್ಕೆ ಕಡಿಮೆ ಇಲ್ಲಪ್ಪ. ಕೇಳೋದು ಏನಿದೆ, ಅವಳು ನನ್ನ ತಂಗಿ. ಅವಳ ಮನಸ್ಸು ನನಗೆ ಗೊತ್ತಿಲ್ವಾ?"

ಬೇಕರಿಯವನು ಇನ್ನೊಂದು ಸಲ ಕೇಳಿದ. ಹೆಂಡತಿ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಹೋದರು.

ಪಾರ್ಕಿನಿಂದ ಬಂದ ತಂಗಿ ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಏನಂದ್ರು ಅಕ್ಕ?"

"ಅಡುಗೆಮನೆ ಚಿಕ್ಕದಾಯ್ತು ಅಂದ್ರು."

"ಬೆಲೆ ಮಾತಾಡ್ಲೇ ಇಲ್ವಾ?"

"ಸುಮ್ನೆ ಮನೆ ನೋಡೋ ಚಟ ಕೆಲವರಿಗೆ" ಎಂದಳು ಅಕ್ಕ. ಆ ಸಂಜೆ ಊಟಕ್ಕೆ ಕೂತಾಗ ಅವಳು ಎರಡು ಸಲ ಬಡಿಸಿಕೊಂಡಳು. ಮನಸ್ಸು ಹಗುರವಾಗಿತ್ತು. ಒಪ್ಪಂದ ಉಳಿಯಿತು, ಬೀದಿಯ ಮಾನ ಉಳಿಯಿತು, ತಂಗಿಗೆ ಆರು ಲಕ್ಷ ಉಳಿಯಿತು ಎಂದು ತನಗೆ ತಾನೇ ಲೆಕ್ಕ ಒಪ್ಪಿಸಿದಳು. ಎದುರಿಗೆ ಕೂತ ಮಗು ತನ್ನ ತಟ್ಟೆಯಿಂದ ಒಂದು ತುತ್ತು ಎತ್ತಿ ದೊಡ್ಡಮ್ಮನ ಬಾಯಿಗಿಟ್ಟಾಗ, ಆ ಲೆಕ್ಕದಲ್ಲಿ ಇನ್ನೇನೋ ಸೇರಿದೆ ಎಂದು ಒಂದು ಗಳಿಗೆ ಅನಿಸಿತು. ಅವಳು ಅದರ ಗೊಡವೆಗೆ ಹೋಗಲಿಲ್ಲ.

ಅಲ್ಲಿಂದ ಮುಂದೆ ಯಾರೂ ಬರಲಿಲ್ಲ. ಬೀದಿಯ ಹನ್ನೊಂದು ಮಾರಾಟದ ಬೋರ್ಡುಗಳು ಬಿಸಿಲಿಗೆ ಬಣ್ಣಗೆಟ್ಟವು. ಕಾರ್ಖಾನೆಯ ಎದುರಿನ ಹೋಟೆಲ್ಲು ಮುಚ್ಚಿತು, ಅದರ ಪಕ್ಕದ ಕ್ಷೌರದ ಅಂಗಡಿ ವಾರಕ್ಕೆ ಮೂರು ದಿನವಾಯಿತು. ತಂಗಿಯ ಗಂಡ ವಾರಕ್ಕೊಮ್ಮೆ ಬರುತ್ತಿದ್ದವನು ಹದಿನೈದು ದಿನಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ. ಏಳು ಗಂಟೆ ಬಸ್ಸಿನಲ್ಲಿ ಕೂತು ಬಂದು, ಮಲಗಿ, ಎದ್ದು, ಮತ್ತೆ ಏಳು ಗಂಟೆ. "ಬಂದ್ರೂ ಬರದೇ ಇದ್ದ ಹಾಗೇ" ಎನ್ನುತ್ತಿದ್ದಳು ತಂಗಿ, ನಗುತ್ತಲೇ. ಒಂದು ತಿಂಗಳು ಬರಲೇ ಇಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿ ಎಂಟು ದಿನ ಆಸ್ಪತ್ರೆಯಲ್ಲಿದ್ದದ್ದು ಇವರಿಗೆ ತಿಳಿದದ್ದು ಅವನು ಮನೆಗೆ, ಅಂದರೆ ಆ ಕೋಣೆಗೆ, ವಾಪಸು ಬಂದ ಮೇಲೆ. ಗಂಜಿ ಮಾಡಿಕೊಟ್ಟವನು ಇನ್ನೊಂದು ಪಾಳಿಯವನು. ಮುಂದಿನ ಸಲ ಬಂದಾಗ ಅವನ ಅಂಗಿಯ ಕಾಲರು ಕತ್ತಿನಿಂದ ಎರಡು ಬೆರಳು ದೂರ ನಿಂತಿತ್ತು. ಮಗಳು ಬಾಗಿಲ ಸಂದಿಯಲ್ಲಿ ನಿಂತು ನೋಡಿದಳೇ ಹೊರತು ಹತ್ತಿರ ಹೋಗಲಿಲ್ಲ. ಅವನೂ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಒಂದು ಕುರ್ಚಿ ಎಳೆದು ತಂದು "ಕೂತ್ಕೊಳ್ಳಿ" ಎಂದಳು, ನೆಂಟರಿಗೆ ಹೇಳುವ ಹಾಗೆ.

ಅಂದು ತಂಗಿ ಅಡುಗೆಮನೆಗೆ ಬಂದು ಅಕ್ಕನ ಕೈ ಹಿಡಿದಳು. "ಅಕ್ಕ, ಇಳಿಸೋಣ. ಮೂವತ್ತೆರಡಾದ್ರೂ ಸರಿ. ಬ್ಯಾಂಕಿಗೆ ಮೂವತ್ತೊಂದು ಕೊಟ್ಟು ಕೈ ತೊಳ್ಕೊಂಡ್ರೆ ಸಾಕು."

"ಇಷ್ಟು ದಿನ ತಡೆದೆ, ಇನ್ನೆರಡು ತಿಂಗಳು ತಡಿ. ಈಗ ಇಳಿಸಿದ್ರೆ ಹತ್ತು ಮನೆಯವರು ನಿನ್ನ ಮುಖ ನೋಡ್ತಾರಾ?"

ತಂಗಿ ಎಂದೂ ಅಕ್ಕನ ಮಾತು ಮೀರಿದವಳಲ್ಲ. ಮೀರುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ತಡೆದಳು.

ಒಪ್ಪಂದ ಮುರಿದವರು ಹಾಜರಿ ಗುಮಾಸ್ತರು! ಯಾರಿಗೂ ಹೇಳದೆ, ಅಕ್ಕನಿಗೂ ಹೇಳದೆ, ಮಗನ ಮೂಲಕ ಕೊಳ್ಳುವವರನ್ನು ಹಿಡಿದು, ಇಪ್ಪತ್ತೊಂಬತ್ತಕ್ಕೆ ಮನೆ ಬರೆದುಕೊಟ್ಟು ಬಂದರು. ಮರುದಿನ ಬೀದಿಯಲ್ಲಿ ಯಾರೋ "ಏನು ಸ್ವಾಮಿ, ಆರಾಮಾ?" ಎಂದರೆ "ನನಗೇನು, ನಾನೇನು ಕದ್ದಿಲ್ಲವಲ್ಲ!" ಎಂದರಂತೆ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಯಿತು.

ಆ ವಾರ ಒಂದೊಂದೇ ಬೋರ್ಡಿನ ಮೇಲೆ ಹೊಸ ಅಂಕಿ ಬಂತು. ಇಪ್ಪತ್ತೆಂಟು, ಇಪ್ಪತ್ತೇಳು, ಒಬ್ಬರು ಇಪ್ಪತ್ತಾರು. ಎರಡೂವರೆ ವರ್ಷ ಕಾಲಿಡದ ಜನ ಈಗ ವಾಸನೆ ಹಿಡಿದು ಬಂದರು. ಎರಡು ತಿಂಗಳಲ್ಲಿ ಐದು ಮನೆ ಹೋದವು, ಕೊನೆಯದು ಇಪ್ಪತ್ತೈದಕ್ಕೆ. ಅಟ್ಟ ಮೇಲೆ ಒಲೆ ಉರಿಯಿತು. ಮಾರಿದವರು ಅತ್ತರು, ಅಕ್ಕನ ಬಾಗಿಲಲ್ಲಿ ಮತ್ತೆ ಚಪ್ಪಲಿಗಳು. ಗುಮಾಸ್ತರದು ಬಿಟ್ಟು ಉಳಿದ ನಾಲ್ಕು ಮನೆಗಳ ಕಮಿಷನ್ ಅವಳ ಕೈಗೆ ಬಂತು. ಬೀದಿಯ ಬೆಲೆ ಬಿದ್ದದ್ದರಿಂದ ಬಂದ ದುಡ್ಡು ಇದು, ಆದರೂ ಎಣಿಸದೆ ಬಿಡಲಿಲ್ಲ.

ತಂಗಿಯ ಮನೆಯನ್ನು ಮಾತ್ರ ಈಗ ಮಾರುವ ಹಾಗೇ ಇರಲಿಲ್ಲ. ಬ್ಯಾಂಕಿಗೆ ಮೂವತ್ತೊಂದು ಕೊಡಬೇಕು. ಮನೆಗೆ ಇಪ್ಪತ್ತೈದು ಬರುತ್ತದೆ. ನಡುವಿನ ಆರು ಕಟ್ಟುವವರೆಗೆ ಬ್ಯಾಂಕು ಪತ್ರ ಬಿಡುವುದಿಲ್ಲ. ಕುಲುಮೆಯ ಸಂಬಳದಲ್ಲಿ ಆರು ಲಕ್ಷ ಉಳಿಸಲು ಹತ್ತು ವರ್ಷ ಬೇಕು. ಹತ್ತು ವರ್ಷ ಅವನು ಅಲ್ಲಿ, ಇವರು ಇಲ್ಲಿ.

ಇದರ ಮೇಲೆ, ಗುಮಾಸ್ತರ ಮನೆ ಕೊಂಡವರು ಸಾಮಾನು ಇಳಿಸಿದ ದಿನ, ಲಾರಿಯ ಪಕ್ಕದಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿದ್ದವಳನ್ನು ಅಕ್ಕ ನೋಡಿದಳು. ಬೇಕರಿಯವನ ಹೆಂಡತಿ. ಅವಳೂ ಗುರುತು ಹಿಡಿದು ನಕ್ಕಳು. ನಗುವಿನಲ್ಲಿ ಕೊಂಕೇನೂ ಇರಲಿಲ್ಲ, ಐದು ಲಕ್ಷ ಉಳಿಸಿದವರು ಯಾರ ಮೇಲೂ ಕೋಪ ಇಟ್ಟುಕೊಳ್ಳುವುದಿಲ್ಲ. ತಂಗಿಯ ಮನೆಗೂ ಅದಕ್ಕೂ ಮೂರೇ ಬಾಗಿಲು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಇಂದೋ ನಾಳೆಯೋ ಇಬ್ಬರೂ ಅಂಗಳದಲ್ಲಿ ಬಟ್ಟೆ ಹರಡುವಾಗ ಮಾತು ಬಂದೇ ಬರುತ್ತದೆ.

ಎರಡು ದಿನ ಅಕ್ಕ ಊಟಕ್ಕೆ ಹೋಗಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದಳು. ಮೂರನೆಯ ದಿನ ಮಧ್ಯಾಹ್ನ, ಮಗು ಶಾಲೆಯಲ್ಲಿರುವ ಹೊತ್ತು ನೋಡಿಕೊಂಡು ಬೀದಿ ದಾಟಿದಳು. ತಂಗಿ ಮುಂಗೋಣೆಯ ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಹೆಚ್ಚಾಗಿ ಮಗುವಿನವು, ಗಂಡಸಿನ ಬಟ್ಟೆ ಒಂದೂ ಇಲ್ಲ.

"ಹೊಟ್ಟೆ ಹೇಗಿದೆ ಅಕ್ಕ?"

"ಹೊಟ್ಟೆಗೇನಾಗಿಲ್ಲ. ನಿನ್ನ ಹತ್ರ ಒಂದು ಹೇಳಬೇಕು." ಅಕ್ಕ ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದಳು. ಬೇಕರಿಯವನು ಬಂದದ್ದು, ಕಾಗದ ತಂದದ್ದು, ತಾನು ಬೇಡ ಎಂದದ್ದು. ಅಡುಗೆಮನೆ ಚಿಕ್ಕದು ಎಂದು ಯಾರೂ ಅಂದಿರಲಿಲ್ಲ ಎಂಬುದನ್ನೂ.

ತಂಗಿಯ ಕೈ ನಿಂತಿತು. "ಎಷ್ಟಕ್ಕೆ ಕೇಳಿದ್ರು?"

"ಮೂವತ್ತನಾಲ್ಕು."

"ಯಾವಾಗ?"

"ಹದಿನಾಲ್ಕು ತಿಂಗಳಾಯ್ತು."

ತಂಗಿ ತುಟಿ ಅಲ್ಲಾಡಿಸಿ ಏನನ್ನೋ ಎಣಿಸಿದಳು. ಅಕ್ಕ ಅಂದುಕೊಂಡಂತೆ ಹಣವನ್ನಲ್ಲ. "ಅವರು ಆಸ್ಪತ್ರೆಗೆ ಸೇರೋಕ್ಕಿಂತ ಹನ್ನೊಂದು ತಿಂಗಳು ಮುಂಚೆ" ಎಂದಳು. ಆಮೇಲೆ ಕೇಳಿದಳು: "ಒಪ್ಪಂದ ಇತ್ತು ಅಂತ ಬೇಡ ಅಂದ್ಯಾ?"

ಹೌದು ಎನ್ನಬಹುದಿತ್ತು. ತಂಗಿಯೇ ಬಾಗಿಲು ತೆರೆದು ಕೊಟ್ಟಿದ್ದಳು; ಅಕ್ಕ ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಇಪ್ಪತ್ತೆರಡು ವರ್ಷ ಎರಡೂ ಕಡೆಗೆ ಹಿತವಾದ ಮಾತು ತಂದವಳಿಗೆ ಅದೇನು ಕಷ್ಟ? ಆದರೆ ಅವಳಿಗೆ ಸಾಕಾಗಿತ್ತು.

"ಇಲ್ಲ. ನೀನು ಹೋಗಿಬಿಡ್ತೀಯಲ್ಲ ಅಂತ" ಎಂದಳು. "ಆ ಮಗು ಇಲ್ಲದೆ, ನೀನಿಲ್ಲದೆ ಸಂಜೆ ಆಗೋದು ಹೇಗೆ ಅಂತ. ಆಗ ನನಗೇ ಗೊತ್ತಾಗಲಿಲ್ಲ ಕಣೇ. ಬೆಲೆಗೋಸ್ಕರ ಅಂದ್ಕೊಂಡೆ."

ತಂಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮಡಚಿದ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು, ಮೇಲಿನದನ್ನು ತೆಗೆದು ಬಿಚ್ಚಿ ಮತ್ತೆ ಮಡಚಿದಳು.

"ನಾನು ನನ್ನ ಮನೆ ಮಾರ್ತೀನಿ" ಎಂದಳು ಅಕ್ಕ. "ಅದರ ಮೇಲೆ ಒಂದು ರೂಪಾಯಿ ಸಾಲ ಇಲ್ಲ. ಇಪ್ಪತ್ತೈದಕ್ಕೆ ಕೇಳೋರು ಇದ್ದಾರೆ, ಇಪ್ಪತ್ತನಾಲ್ಕು ಅಂದ್ರೂ ಕೊಡ್ತೀನಿ. ನಿನಗೆ ಬೇಕಾಗಿರೋ ಆರು ಅದರಲ್ಲೇ ಬರುತ್ತೆ. ನಿನ್ನದನ್ನೂ ಈಗಿನ ಬೆಲೆಗೇ ಕೊಟ್ಟುಬಿಡು. ಬ್ಯಾಂಕಿನ ಋಣ ಹರಿದುಹೋಗಲಿ. ಹೋಗಿ ಅವನ ಹತ್ರ ಇರು."

"ನಿಜವಾಗ್ಲೂ ಹೇಳ್ತಿದೀಯಾ?"

"ನನಗ್ಯಾಕೆ ಅಷ್ಟು ದೊಡ್ಡ ಮನೆ?"

ತಂಗಿ ತಲೆಯೆತ್ತಿ ಅಕ್ಕನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಅಕ್ಕ ಕಾದಳು. ಮನೆ ಮಾರಿದ ಮೇಲೆ ನೀನೆಲ್ಲಿರ್ತೀಯ ಎಂದು ತಂಗಿ ಕೇಳುತ್ತಾಳೆ. ಎಲ್ಲಾದರೂ ಇರ್ತೀನಿ ಬಿಡು ಎಂದು ತಾನು ಹೇಳಬೇಕು. ಎಲ್ಲಾದರೂ ಯಾಕೆ, ನಮ್ಮ ಜೊತೆ ಬಾ ಎಂದು ಅವಳು ಹೇಳುತ್ತಾಳೆ. ಬೀದಿ ದಾಟುವಾಗಲೇ ಈ ಮಾತುಗಳು ಅಕ್ಕನ ತಲೆಯಲ್ಲಿ ಸಾಲುಗಟ್ಟಿದ್ದವು. ಕೊಳ್ಳುವವರ ಬಾಯಿಂದ ಬರುವ ಅಂಕಿಯನ್ನು ಅವಳು ಯಾವತ್ತೂ ಮೊದಲೇ ಊಹಿಸುತ್ತಿದ್ದಳು.

"ಮನೆ ಮಾರಿದ ಮೇಲೆ ನೀನೆಲ್ಲಿರ್ತೀಯ?" ಎಂದು ತಂಗಿ ಕೇಳಿದಳು.

"ಎಲ್ಲಾದರೂ ಇರ್ತೀನಿ ಬಿಡು."

ತಂಗಿ ಕಣ್ಣು ಒರೆಸಿಕೊಂಡಳು. ಬಟ್ಟೆಯ ಗಂಟನ್ನು ಎದೆಗೊತ್ತಿ ಹಿಡಿದು ಎದ್ದು ನಿಂತಳು. "ಒಂದು ಬಾಡಿಗೆ ಕೋಣೆ ನೋಡ್ಕೋ ಅಕ್ಕ" ಎಂದಳು. "ಈ ಊರಲ್ಲಿ ನಿನಗೆ ಗೊತ್ತಿಲ್ಲದ ಮನೆ ಯಾವುದಿದೆ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅಕ್ಕನ ಎದೆಗೆ ನಾಟಿತು.

ಮೆಟ್ಟಿಲು ಹತ್ತುತ್ತಿದ್ದ ತಂಗಿ ಅರ್ಧದಲ್ಲಿ ನಿಂತಳು. "ಎಷ್ಟು ದಿನದಲ್ಲಿ ಆಗುತ್ತೆ? ಅಲ್ಲಿ ಮಗೂನ ಶಾಲೆಗೆ ಸೇರಿಸೋದಕ್ಕೆ ಹೇಳಬೇಕು."

ಅಕ್ಕ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ನೋಂದಣಿಗೆ ಒಂದು ವಾರ, ಬ್ಯಾಂಕಿಗೆ ಎರಡು, ತಂಗಿಯ ಮನೆಗೆ ಜನ ಹುಡುಕಲು ಮೂರು.

"ಆರು ವಾರ" ಎಂದಳು. "ಬೆಲೆ ಇನ್ನೂ ಸ್ವಲ್ಪ ಇಳಿಸಿದ್ರೆ ನಾಲ್ಕರಲ್ಲೇ ಆಗುತ್ತೆ."

"ಇಳಿಸು" ಎಂದಳು ತಂಗಿ.